ಹಳೆಯ ಮಾದರಿ ಸ್ಟೀಮ್ ಎಂಜಿನ್‌ಗೆ ಮರುಜೀವ: ಮೊದಲು ಓಟ, ಆಮೇಲೆ ನೋಟ

ವರ್ಷಗಟ್ಟಲೆ ಡಬ್ಬಿಯಲ್ಲಿ ಸುಮ್ನೆ ಬಿದ್ದಿದ್ದ ಒಂದು ಮಾದರಿ ಸ್ಟೀಮ್ ಎಂಜಿನ್ ನಿಮ್ಮ ಕೈಗೆ ಬಂದಿದೆ ಅಂದುಕೊಳ್ಳಿ. ಒಂದು ಬಫರ್ (ಡಿಕ್ಕಿಯ ಏಟು ತಡೆಯುವ ತುದಿಯ ಗುಂಡಿ) ಕಳೆದುಹೋಗಿದೆ. ಬಣ್ಣ ಮಾಸಿದೆ. ಹಳಿ ಮೇಲೆ ಇಟ್ಟು ಕರೆಂಟು ಕೊಟ್ಟರೆ ಗುಂಯ್ ಅನ್ನುತ್ತದೆ, ಕದಲುವುದಿಲ್ಲ. ಇಂಥದ್ದನ್ನು ನೋಡಿದ ಕೂಡಲೇ ಕೈ ಬಣ್ಣದ ಬಾಟಲಿಯ ಕಡೆ ಹೋಗುತ್ತದೆ. ಹಾಗೆ ಮಾಡಬೇಡಿ. ಓಟ ಸರಿಪಡಿಸಬೇಕಾದರೆ ಎಂಜಿನ್ನನ್ನು ಹತ್ತಾರು ಸಲ ಬಿಚ್ಚಿ ಜೋಡಿಸಬೇಕಾಗುತ್ತದೆ. ಹೊಸ ಬಣ್ಣ, ಹೊಸ ಕೈಹಿಡಿ ಕಂಬಿಗಳು ಅಷ್ಟು ಸಲ ಕೈ ತಾಗಿದರೆ ಉಳಿಯುವುದಿಲ್ಲ. ಅದಕ್ಕೇ ನಾನು ಹಿಡಿದಿರುವ ಕ್ರಮ ಒಂದೇ: ಮೊದಲು ಓಟ, ಆಮೇಲೆ ನೋಟ.

ಇಲ್ಲಿ ಹೇಳುವುದೆಲ್ಲ 16.5 ಮಿ.ಮೀ. ಹಳಿಯ ಮೇಲೆ ಓಡುವ ಓಓ (1:76.2) ಮತ್ತು ಎಚ್‌ಓ (1:87) ಅಳತೆಯ, ಪ್ಲಾಸ್ಟಿಕ್ ಬಾಡಿ ಮತ್ತು ಲೋಹದ ಚಾಸಿ (ಚಕ್ರ, ಮೋಟರ್ ಹೊರುವ ಚೌಕಟ್ಟು) ಇರುವ ವಿದ್ಯುತ್ ಎಂಜಿನ್‌ಗಳಿಗೆ. ಬೇರೆ ಅಳತೆಯವರಿಗೂ ಕ್ರಮ ಇದೇ, ಅಂಕಿ ಮಾತ್ರ ಬದಲು.

ಯಾವ ಎಂಜಿನ್, ಯಾವ ವರ್ಷ?

ಸ್ಕ್ರೂಡ್ರೈವರ್ ಹಿಡಿಯುವ ಮೊದಲು ಒಂದು ತೀರ್ಮಾನ ಆಗಬೇಕು. ನೀವು ಮಾಡುತ್ತಿರುವುದು ಯಾವ ನಿಜ ಎಂಜಿನ್? ಅದರ ಬದುಕಿನ ಯಾವ ಕಾಲ? ಸ್ಟೀಮ್ ಎಂಜಿನ್‌ಗಳು ಪ್ರತಿ ದೊಡ್ಡ ರಿಪೇರಿಯಲ್ಲೂ ಸ್ವಲ್ಪ ಬದಲಾಗುತ್ತಿದ್ದವು. ಬಾಯ್ಲರ್ ಬದಲು, ಚಿಮಣಿ ಬದಲು, ಟೆಂಡರ್ (ಕಲ್ಲಿದ್ದಲು, ನೀರು ಹೊರುವ ಹಿಂದಿನ ಗಾಡಿ) ಬದಲು.

ಎಲ್ಲರಿಗೂ ಗೊತ್ತಿರುವ ಬ್ರಿಟನ್ನಿನ ಎಂಜಿನ್ ಫ್ಲೈಯಿಂಗ್ ಸ್ಕಾಟ್ಸ್‌ಮನ್ ತೆಗೆದುಕೊಳ್ಳಿ. 1923ರಲ್ಲಿ ಡಾನ್‌ಕ್ಯಾಸ್ಟರ್‌ನಲ್ಲಿ ತಯಾರಾದಾಗ ಅದರ ನಂಬರ್ 1472. ಆಮೇಲೆ 4472 ಆಯಿತು, ಬ್ರಿಟಿಷ್ ರೈಲ್ವೇಸ್ ಕಾಲದಲ್ಲಿ 60103 ಆಯಿತು. 1959ರ ಆರಂಭದ ಹೊತ್ತಿಗೆ ಜೋಡಿ ಚಿಮಣಿ ಬಂತು. ಹೊಗೆ ಮೇಲಕ್ಕೆ ತಳ್ಳುವ ಪಕ್ಕದ ತಗಡುಗಳು ಬಂದದ್ದು 1961ರ ಕೊನೆಗೆ. 1963ರ ಜನವರಿಯಲ್ಲಿ ಸೇವೆಯಿಂದ ಇಳಿಯಿತು. ಅಂದರೆ 60103 ನಂಬರ್, ಜೋಡಿ ಚಿಮಣಿ, ಪಕ್ಕದ ತಗಡು ಇಲ್ಲ ಅನ್ನುವ ರೂಪ ಇದ್ದದ್ದು ಮೂರು ವರ್ಷವೂ ಅಲ್ಲ. ನಿಮ್ಮ ಮಾದರಿಗೆ 4472 ಅಂತ ಬರೆದು ಪಕ್ಕಕ್ಕೆ ಈ ತಗಡು ಹಚ್ಚುವ ಮೊದಲು, ಆ ರೂಪ ನಿಜಕ್ಕೂ ಯಾವ ವರ್ಷ ಇತ್ತು ಅಂತ ನೋಡಿಕೊಳ್ಳಬೇಕು ಅಲ್ವಾ?

ಹಾಗಾಗಿ ಒಂದು ಫೋಟೋ ಆರಿಸಿ. ತಾರೀಖು ಗೊತ್ತಿರುವ, ಪಕ್ಕದಿಂದ ತೆಗೆದ ಫೋಟೋ ಆದರೆ ಒಳ್ಳೆಯದು. ಅದನ್ನು ಮುದ್ರಿಸಿ ಕೆಲಸದ ಮೇಜಿನ ಮುಂದೆ ಅಂಟಿಸಿ. ಮುಂದೆ ಬರುವ ಎಲ್ಲ ಗೊಂದಲಕ್ಕೂ ಉತ್ತರ ಆ ಫೋಟೋದಲ್ಲೇ ಹುಡುಕಿ. ಇನ್ನೊಂದು ಬದಿಯ ಫೋಟೋ ಸಿಕ್ಕರೆ ಅದನ್ನೂ ಇಟ್ಟುಕೊಳ್ಳಿ, ಯಾಕಂದರೆ ಎಂಜಿನ್‌ನ ಎರಡು ಬದಿ ಎಂದೂ ಒಂದೇ ಥರ ಇರುವುದಿಲ್ಲ.

ಬಿಚ್ಚುವುದು

ಸ್ಪಂಜಿನ ದಪ್ಪ ತುಂಡಿನಲ್ಲಿ ವಿ ಆಕಾರದ ಕಾಲುವೆ ಕತ್ತರಿಸಿ, ಎಂಜಿನ್ನನ್ನು ಅದರಲ್ಲಿ ತಲೆಕೆಳಗಾಗಿ ಮಲಗಿಸಿ. ಬಾಡಿ ಸಾಮಾನ್ಯವಾಗಿ ಮುಂದೆ ಒಂದು ಸ್ಕ್ರೂ, ಹಿಂದೆ ಒಂದು ಸ್ಕ್ರೂ ಅಥವಾ ಕೊಕ್ಕೆಯ ಮೇಲೆ ನಿಂತಿರುತ್ತದೆ. ಸ್ಕ್ರೂ ಎಲ್ಲ ತೆಗೆದ ಮೇಲೂ ಬರದಿದ್ದರೆ ಬಲ ಹಾಕಬೇಡಿ. ಎಲ್ಲೋ ಇನ್ನೊಂದು ಹಿಡಿತ ಇದೆ, ಹುಡುಕಿ.

ಪ್ರತಿ ಹಂತಕ್ಕೂ ಮೊಬೈಲಿನಲ್ಲಿ ಒಂದು ಫೋಟೋ ತೆಗೆಯಿರಿ. ರಟ್ಟಿನ ಮೇಲೆ ಎಂಜಿನ್ನಿನ ಒರಟು ಚಿತ್ರ ಬರೆದು, ಅದರ ಮೇಲೆ ಎರಡು ಬದಿ ಅಂಟುವ ಟೇಪ್ ಹಾಕಿ. ಯಾವ ಸ್ಕ್ರೂ ಎಲ್ಲಿಂದ ಬಂತೋ ಅಲ್ಲೇ ಅಂಟಿಸುತ್ತಾ ಹೋಗಿ. ಒಂದೇ ಥರ ಕಾಣುವ ಸ್ಕ್ರೂಗಳ ಉದ್ದ ಬೇರೆ ಬೇರೆ ಇರುತ್ತದೆ. ಉದ್ದದ ಸ್ಕ್ರೂ ತಪ್ಪು ಜಾಗಕ್ಕೆ ಹಾಕಿದರೆ ಗೇರ್‌ಗೆ ತಾಗಿ ಎಂಜಿನ್ ನಿಂತೇ ಬಿಡುತ್ತದೆ. ಸ್ಪ್ರಿಂಗ್ ಇರುವ ಭಾಗವನ್ನು ಪಾರದರ್ಶಕ ಪ್ಲಾಸ್ಟಿಕ್ ಚೀಲದೊಳಗೆ ಕೈ ಹಾಕಿಕೊಂಡೇ ಬಿಚ್ಚಿ. ಹಾರಿದರೂ ಚೀಲದಲ್ಲೇ ಬೀಳುತ್ತದೆ.

ಚಾಸಿ ಬೇರೆಯಾದ ಮೇಲೆ ಅದನ್ನು ಬೆಳಕಿಗೆ ಹಿಡಿದು ಒಂದು ತುದಿಯಿಂದ ಇನ್ನೊಂದು ತುದಿಗೆ ಕಣ್ಣು ಹಾಯಿಸಿ. ಬಾಗಿದೆಯಾ? ಮೈಮೇಲೆ ಬಲೆಯಂಥ ಸಣ್ಣ ಬಿರುಕು ಇದೆಯಾ? ಹಳೆಯ ಚಾಸಿಗಳು ಸತುವಿನ ಮಿಶ್ರಲೋಹದ ಎರಕ. ಎರಕ ಹೊಯ್ಯುವಾಗ ಸ್ವಲ್ಪ ಸೀಸ ಬೆರೆತಿದ್ದರೂ ಕಾಲ ಕಳೆದಂತೆ ಲೋಹ ಒಳಗಿನಿಂದಲೇ ಉಬ್ಬಿ ಪುಡಿಯಾಗುತ್ತದೆ. ಇದಕ್ಕೆ ಮದ್ದಿಲ್ಲ. ಇಂಥ ಚಾಸಿಯ ಮೇಲೆ ದುಡಿಯಬೇಡಿ, ಬೇರೆ ಚಾಸಿ ಹುಡುಕಿ.

ಮೋಟರ್ ಮತ್ತು ಗೇರ್

ಮೋಟರನ್ನು ಬಿಚ್ಚಿ ತೆಗೆದು ಒಂಟಿಯಾಗಿ ಓಡಿಸಿ ನೋಡಿ. ಇವು 12 ವೋಲ್ಟ್ ಡಿಸಿ ಮೋಟರ್‌ಗಳು. 2–3 ವೋಲ್ಟಿಗೇ ತಿರುಗಲು ಶುರುವಾಗಬೇಕು. ಜೊತೆಗೆ ಮಲ್ಟಿಮೀಟರಿನಲ್ಲಿ ಎಷ್ಟು ಕರೆಂಟು ಎಳೆಯುತ್ತದೆ ಅಂತ ಬರೆದಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಬ್ರಷ್ (ಕರೆಂಟು ಮುಟ್ಟಿಸುವ ಇಂಗಾಲದ ತುಂಡು) ಉಜ್ಜುವ ತಾಮ್ರದ ಕಮ್ಯುಟೇಟರ್ ಕಪ್ಪಾಗಿದ್ದರೆ ಐಸೋಪ್ರೊಪೈಲ್ ಆಲ್ಕೋಹಾಲ್ ತಾಗಿಸಿದ ಹತ್ತಿಕಡ್ಡಿಯಿಂದ ಒರೆಸಿ. ಅದರ ತುಂಡುಗಳ ನಡುವಿನ ಸೀಳಿನಲ್ಲಿ ಇಂಗಾಲದ ಪುಡಿ ಕೂತಿರುತ್ತದೆ, ಅದನ್ನು ಹಲ್ಲುಕಡ್ಡಿಯಿಂದ ಕೆರೆದು ತೆಗೆಯಿರಿ. ಲೋಹದ ಸೂಜಿ ಬೇಡ, ಗೀರು ಬಿದ್ದರೆ ಬ್ರಷ್ ಬೇಗ ಸವೆಯುತ್ತದೆ. ಹಳೆಯ ಕಾಲದ ತೆರೆದ ಮೋಟರ್ ಆದರೆ ಆಯಸ್ಕಾಂತಕ್ಕೆ ಕೈ ಹಾಕಬೇಡಿ. ಅದನ್ನು ಹೊರಗೆ ತೆಗೆದರೆ ಶಕ್ತಿ ಕುಂದುತ್ತದೆ, ತಿರುಗಿ ಹಾಕಿದರೂ ಮೊದಲಿನ ಬಲ ಬರುವುದಿಲ್ಲ.

ಗೇರ್‌ಗಳಲ್ಲಿ ಹಳೆಯ ಗ್ರೀಸ್ ಮೇಣದ ಹಾಗೆ ಗಟ್ಟಿಯಾಗಿರುತ್ತದೆ. ಎಷ್ಟೋ ಎಂಜಿನ್‌ಗಳು ಕದಲದಿರಲು ಇದೊಂದೇ ಕಾರಣ. ಪೂರ್ತಿ ತೊಳೆದು, ಪ್ಲಾಸ್ಟಿಕ್ಕಿಗೆ ಹಾನಿ ಮಾಡದ ಗ್ರೀಸ್ ಸ್ವಲ್ಪವೇ ಹಚ್ಚಿ. ಓಡುವಾಗ ಚಕ್ರ ಒಂದು ಸುತ್ತು ಬರುವಷ್ಟರಲ್ಲಿ ಒಮ್ಮೆ ಟಿಕ್ ಅನ್ನುತ್ತಿದ್ದರೆ ಆಕ್ಸಲ್ ಮೇಲಿನ ಪ್ಲಾಸ್ಟಿಕ್ ಗೇರ್ ಸೀಳಿದೆ ಅಂತ ಅರ್ಥ. ಅಂಟು ಹಾಕಿ ಉಪಯೋಗವಿಲ್ಲ, ಆ ಪ್ಲಾಸ್ಟಿಕ್ಕಿಗೆ ಅಂಟು ಹಿಡಿಯುವುದೇ ಇಲ್ಲ. ಹೊಸ ಗೇರ್ ಹಾಕಬೇಕು.

ಮೋಟರ್ ವಾಪಸ್ ಕೂರಿಸುವಾಗ ವರ್ಮ್ (ಮೋಟರಿನ ತುದಿಯಲ್ಲಿರುವ ಸ್ಕ್ರೂ ಆಕಾರದ ಗೇರ್) ಮತ್ತು ಅದು ತಿರುಗಿಸುವ ಗೇರ್ ನಡುವೆ ಕೂದಲೆಳೆಯಷ್ಟು ಸಡಿಲ ಇರಬೇಕು. ತೀರಾ ತೆಳು ಕಾಗದದ ಪಟ್ಟಿಯೊಂದನ್ನು ಎರಡರ ನಡುವೆ ಇಟ್ಟು ಸ್ಕ್ರೂ ಬಿಗಿಯಿರಿ. ಆಮೇಲೆ ಮೋಟರ್ ತಿರುಗಿಸಿ ಕಾಗದ ಹೊರಗೆ ತೆಗೆಯಿರಿ. ಉಳಿಯುವ ಸಂದು ಸರಿಯಾಗಿರುತ್ತದೆ.

ಚಕ್ರಗಳ ಕೋನ

ಎಂಜಿನ್ ಕುಂಟುತ್ತಾ ಓಡುತ್ತಿದ್ದರೆ ತಪ್ಪು ಬಹುತೇಕ ಇಲ್ಲೇ ಇರುತ್ತದೆ. ಸ್ವಲ್ಪ ನಿಧಾನವಾಗಿ ಓದಿ.

ನಿಜವಾದ ಎರಡು ಸಿಲಿಂಡರಿನ ಎಂಜಿನ್ನಿನಲ್ಲಿ ಪಿಸ್ಟನ್ ತನ್ನ ಓಟದ ತುದಿಯಲ್ಲಿದ್ದಾಗ ಚಕ್ರ ತಿರುಗಿಸುವ ಬಲ ಅದಕ್ಕಿರುವುದಿಲ್ಲ. ಎರಡೂ ಬದಿಯ ಪಿಸ್ಟನ್ ಒಟ್ಟಿಗೇ ಅಲ್ಲಿ ನಿಂತರೆ ಗಾಡಿ ಹೊರಡುವುದೇ ಇಲ್ಲ. ಅದಕ್ಕೇ ಎಡಬದಿಯ ಕ್ರ್ಯಾಂಕ್ ಪಿನ್ (ರಾಡ್ ಸಿಕ್ಕಿಸುವ, ಚಕ್ರದ ಮೇಲಿನ ಗೂಟ) ಮತ್ತು ಬಲಬದಿಯ ಕ್ರ್ಯಾಂಕ್ ಪಿನ್ ನಡುವೆ 90 ಡಿಗ್ರಿ ಅಂತರ ಇಡುತ್ತಾರೆ. ಮಾದರಿಯಲ್ಲೂ ಹಾಗೇ. ಇಲ್ಲಿ ಚಕ್ರಗಳನ್ನು ಒಂದಕ್ಕೊಂದು ಕಟ್ಟುವುದು ಪಕ್ಕದ ಕಪ್ಲಿಂಗ್ ರಾಡ್. ಒಂದು ಬದಿಯ ರಾಡ್ ತುದಿಯಲ್ಲಿ ತಡವರಿಸುವಾಗ ಇನ್ನೊಂದು ಬದಿಯ ರಾಡ್ ಚಕ್ರಗಳನ್ನು ದಾಟಿಸುತ್ತದೆ.

ಎಲ್ಲರೂ 90 ಡಿಗ್ರಿಯ ಬಗ್ಗೆ ತಲೆ ಕೆಡಿಸಿಕೊಳ್ಳುತ್ತಾರೆ. ಅಸಲು ವಿಷಯ ಬೇರೆ. ಕೋನ 88 ಆದರೂ ಪರವಾಗಿಲ್ಲ, 92 ಆದರೂ ಪರವಾಗಿಲ್ಲ. ಆದರೆ ಎಲ್ಲ ಆಕ್ಸಲ್‌ಗಳಲ್ಲೂ ಅದೇ ಕೋನ ಇರಬೇಕು. ಒಂದು ಆಕ್ಸಲ್ 90, ಇನ್ನೊಂದು 87 ಇದ್ದರೆ ರಾಡ್ ಸಿಕ್ಕಿಕೊಳ್ಳುತ್ತದೆ.

ಸರಿಪಡಿಸುವ ಕ್ರಮ ಹೀಗೆ. ಮೋಟರ್ ಬೇಡ, ಹೊರಗಿಡಿ. ಗೇರ್ ಇರುವ ಆಕ್ಸಲ್ಲನ್ನು ಮುಟ್ಟಬೇಡಿ, ಅದೇ ಅಳತೆಗೋಲು. ಅದರ ಜೊತೆ ಒಂದೇ ಒಂದು ಆಕ್ಸಲ್ ಸೇರಿಸಿ ಎರಡೂ ಬದಿಗೆ ರಾಡ್ ಹಾಕಿ. ಬೆರಳಿನಿಂದ ನಿಧಾನವಾಗಿ ತಳ್ಳಿ. ಸಿಕ್ಕಿಕೊಂಡರೆ ಆ ಎರಡನೇ ಆಕ್ಸಲ್ಲಿನ ಒಂದು ಚಕ್ರವನ್ನು ಮಾತ್ರ ಹಿಡಿದು, ಇನ್ನೊಂದನ್ನು ಎಳ್ಳಷ್ಟು ತಿರುಗಿಸಿ. ಮತ್ತೆ ತಳ್ಳಿ. ಸಲೀಸಾಗುವವರೆಗೆ ಮೂರನೆಯ ಆಕ್ಸಲ್ ಕಡೆ ನೋಡಲೇಬೇಡಿ. ಒಟ್ಟಿಗೆ ಮೂರನ್ನೂ ಸರಿಮಾಡಲು ಹೊರಟರೆ ತಪ್ಪು ಯಾವುದರಲ್ಲಿದೆ ಅಂತ ಗೊತ್ತಾಗುವುದೇ ಇಲ್ಲ. ಎಲ್ಲ ಆದ ಮೇಲೂ ಚೂರು ಬಿಗಿ ಅನ್ನಿಸಿದರೆ ರಾಡಿನ ತೂತನ್ನು ತೀರಾ ಸ್ವಲ್ಪ ದೊಡ್ಡದು ಮಾಡಬಹುದು, 0.1 ಮಿ.ಮೀ. ಸಾಕು. ಇದು ಕೊನೆಯ ಉಪಾಯ, ಮೊದಲನೆಯದಲ್ಲ.

ಇದೇ ಹೊತ್ತಿಗೆ ಎದುರುಬದುರು ಚಕ್ರಗಳ ಒಳಮುಖದ ನಡುವಿನ ಅಂತರವನ್ನೂ ಕ್ಯಾಲಿಪರಿನಲ್ಲಿ ಅಳೆಯಿರಿ. 14.4ರಿಂದ 14.5 ಮಿ.ಮೀ. ಇರಬೇಕು. ಒಂದೇ ಕಡೆ ಅಳೆಯಬೇಡಿ, ಚಕ್ರದ ಸುತ್ತ ಮೂರು ಕಡೆ ಅಳೆಯಿರಿ. ಮೂರೂ ಬೇರೆ ಬಂದರೆ ಚಕ್ರ ಆಕ್ಸಲ್ ಮೇಲೆ ಓರೆಯಾಗಿ ಕೂತಿದೆ.

ಕೊನೆಗೆ ಗಾಜಿನ ಹಲಗೆಯೊಂದನ್ನು ಸ್ವಲ್ಪ ಓರೆಯಾಗಿಟ್ಟು ಮೋಟರ್ ಇಲ್ಲದ ಚಾಸಿಯನ್ನು ಮೇಲೆ ಬಿಡಿ. ತಾನೇ ತಾನಾಗಿ ಉರುಳಿ ಇಳಿಯಬೇಕು. ಇಳಿಯಿತು ಅಂದರೆ ಅರ್ಧ ಎಂಜಿನ್ ಗೆದ್ದ ಹಾಗೆ.

ಹೊರಗೆ ಕಾಣುವ ಸಣ್ಣ ಸರಳುಗಳ ಗುಂಪು ವಾಲ್ವ್ ಗೇರ್, ನಿಜ ಎಂಜಿನ್ನಿನಲ್ಲಿ ಸಿಲಿಂಡರಿಗೆ ಉಗಿ ಹೋಗುವುದನ್ನು ನಿಯಂತ್ರಿಸುವುದು ಇದೇ. ಹೆಚ್ಚಿನ ಮಾದರಿಗಳಲ್ಲಿ ಇರುವುದು ಬೆಲ್ಜಿಯಂನ ಎಗೀಡ್ ವಾಲ್ಶಾರ್ಟ್ಸ್ 1844ರಲ್ಲಿ ರೂಪಿಸಿದ ವಿಧಾನ. ಬಾಗಿದ ಸರಳಿದ್ದರೆ ಚಪ್ಪಟೆ ಮೂತಿಯ ಇಕ್ಕಳದಿಂದ ನೆಟ್ಟಗೆ ಮಾಡಿ. ರಿವೆಟ್ ಬಿಚ್ಚಲು ಹೋಗಬೇಡಿ. ಕ್ರ್ಯಾಂಕ್ ಪಿನ್ ಮೇಲಿನ ರಿಟರ್ನ್ ಕ್ರ್ಯಾಂಕ್ ಎಂಬ ಸಣ್ಣ ತೋಳು ಯಾವ ಕಡೆ ವಾಲಿರಬೇಕು ಅನ್ನುವುದನ್ನು ಫೋಟೋ ನೋಡಿಯೇ ಕೂರಿಸಿ. ಎರಡೂ ಬದಿಯಲ್ಲಿ ಒಂದೇ ರೀತಿ ಇರಬೇಕು.

ಕರೆಂಟು ಬರುವ ದಾರಿ

ಚಕ್ರದ ಹಿಂಬದಿಗೆ ತಾಗುವ ಕಂಚಿನ ಪಟ್ಟಿಗಳು ಹಳಿಯಿಂದ ಕರೆಂಟು ತರುತ್ತವೆ. ಹಳೆಯ ಎಂಜಿನ್‌ಗಳಲ್ಲಿ ಮೂರ್ನಾಲ್ಕು ಚಕ್ರಕ್ಕೆ ಮಾತ್ರ ಪಟ್ಟಿ ಇರುತ್ತದೆ, ಹಾಗಾಗಿ ಪಾಯಿಂಟ್ (ಹಳಿ ಕವಲೊಡೆಯುವ ಜಾಗ) ದಾಟುವಾಗ ನಿಂತುಬಿಡುತ್ತವೆ. ಟೆಂಡರಿನ ಚಕ್ರಗಳಿಗೂ ತೆಳು ಫಾಸ್ಫರ್ ಬ್ರಾಂಜ್ ಪಟ್ಟಿ ಹಾಕಿ ಎರಡು ಮೆತ್ತನೆ ವೈರ್ ಎಂಜಿನ್‌ಗೆ ತನ್ನಿ. ಒಂದು ಸಂಜೆಯ ಕೆಲಸ, ಓಟದಲ್ಲಿ ಅಜಗಜಾಂತರ. ಪಟ್ಟಿ ಚಕ್ರವನ್ನು ಸವರಬೇಕು, ಒತ್ತಬಾರದು. ಒತ್ತಿದರೆ ಅದೇ ಬ್ರೇಕ್ ಆಗುತ್ತದೆ.

ಡಿಸಿಸಿ ಡಿಕೋಡರ್ (ಹಳಿಯಲ್ಲಿ ಬರುವ ಡಿಜಿಟಲ್ ಆದೇಶದಂತೆ ಮೋಟರ್ ಓಡಿಸುವ ಸಣ್ಣ ಸರ್ಕ್ಯೂಟ್) ಹಾಕುವುದಾದರೆ ಈಗಲೇ ಹಾಕಿ. ಒಂದು ಮಾತು ಮರೆಯಬೇಡಿ: ಮೋಟರಿನ ಎರಡೂ ತುದಿ ಚಾಸಿಯಿಂದ, ಹಳಿಯಿಂದ ಪೂರ್ತಿ ಬೇರೆ ಇರಬೇಕು. ಹಳೆಯ ಎಂಜಿನ್‌ಗಳಲ್ಲಿ ಒಂದು ಬ್ರಷ್ ನೇರ ಚಾಸಿಗೇ ತಾಗಿರುತ್ತದೆ. ಹಾಗೇ ಜೋಡಿಸಿದರೆ ಡಿಕೋಡರ್ ಕ್ಷಣದಲ್ಲಿ ಸುಟ್ಟುಹೋಗುತ್ತದೆ. ಮಲ್ಟಿಮೀಟರಿನಲ್ಲಿ ಎರಡೆರಡು ಸಲ ನೋಡಿ. ವೈರಿನ ಬಣ್ಣ ಎಲ್ಲ ಕಡೆ ಒಂದೇ: ಕೆಂಪು ಬಲ ಹಳಿ, ಕಪ್ಪು ಎಡ ಹಳಿ, ಕಿತ್ತಳೆ ಮತ್ತು ಬೂದು ಮೋಟರಿಗೆ, ಬಿಳಿ ಮುಂದಿನ ದೀಪ, ಹಳದಿ ಹಿಂದಿನ ದೀಪ, ನೀಲಿ ದೀಪಗಳ ಸಾಮಾನ್ಯ ಧನ ತುದಿ. ಈ ಅಳತೆಯ ಡಿಕೋಡರ್‌ಗಳು ಸಾಧಾರಣವಾಗಿ 1 ಆಂಪಿಯರ್ ತಡೆಯುತ್ತವೆ. ಮೊದಲು ಬರೆದಿಟ್ಟ ಕರೆಂಟು ಅದರ ಹತ್ತಿರ ಇದ್ದರೆ ಮೋಟರನ್ನೇ ಬದಲಿಸಿ.

ಈಗ ಬಾಡಿ ಇಲ್ಲದ ಚಾಸಿಯನ್ನು ಹಳಿ ಮೇಲೆ ಬಿಡಿ. ಹಳಿಯಡಿಯ ಒಂದು ಅಡ್ಡಪಟ್ಟಿಯಿಂದ (ಸ್ಲೀಪರ್) ಇನ್ನೊಂದಕ್ಕೆ ಹೋಗಲು ಒಂದೆರಡು ಸೆಕೆಂಡ್ ತೆಗೆದುಕೊಳ್ಳುವಷ್ಟು ನಿಧಾನವಾಗಿ, ಜರ್ಕ್ ಇಲ್ಲದೆ ಓಡುತ್ತಿದೆಯಾ? ಓಡುವವರೆಗೆ ಬಾಡಿ ಮುಟ್ಟಬೇಡಿ.

ಹಳೆಯ ಬಣ್ಣ ತೆಗೆಯುವುದು

ಹಳೆಯ ಬಣ್ಣ ತೆಳುವಾಗಿ, ನಯವಾಗಿ ಇದ್ದರೆ ಸುಮ್ನೆ ಇರಲಿ, ಅದರ ಮೇಲೇ ಕೆಲಸ ಮಾಡಬಹುದು. ದಪ್ಪವಾಗಿ ಬಳಿದು ರಿವೆಟ್‌ಗಳೆಲ್ಲ ಮುಚ್ಚಿಹೋಗಿದ್ದರೆ ಮಾತ್ರ ತೆಗೆಯಿರಿ. ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಕೆಲವು ಗಂಟೆ ನೆನೆಸಿ, ಮೆತ್ತನೆ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ. ಕಿಟಕಿ ತೆರೆದಿರಲಿ, ಕೈಗವಸು ಇರಲಿ, ಹತ್ತಿರದಲ್ಲಿ ಬೆಂಕಿ ಬೇಡವೇ ಬೇಡ. ಅಸಿಟೋನ್ ಮತ್ತು ಬಣ್ಣದ ಅಂಗಡಿಯ ಗಡಸು ಥಿನ್ನರ್ ಪಾಲಿಸ್ಟೈರಿನ್ ಪ್ಲಾಸ್ಟಿಕ್ಕನ್ನು ಕರಗಿಸುತ್ತವೆ.

ಯಾವ ದ್ರವವೇ ಆಗಲಿ, ಮೊದಲು ಬಾಡಿಯ ಒಳಗೆ ಕಾಣದ ಜಾಗದಲ್ಲಿ ಒಂದು ಹನಿ ಹಾಕಿ ಒಂದು ಗಂಟೆ ಕಾಯಿರಿ. ನಾನು ಒಮ್ಮೆ ಇದನ್ನು ಮಾಡದೆ ಒಂದು ಕ್ಯಾಬನ್ನು ರಾತ್ರಿಯಿಡೀ ನೆನೆಹಾಕಿದ್ದೆ. ಬೆಳಿಗ್ಗೆ ಎತ್ತಿದಾಗ ಕಿಟಕಿಯ ಸಣ್ಣ ಕಂಬಗಳು ಒದ್ದೆ ಕಾಗದದಂತೆ ಬಾಗಿಹೋಗಿದ್ದವು. ಆ ಕ್ಯಾಬನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಮೊದಲಿನಿಂದ ಕಟ್ಟಬೇಕಾಯಿತು.

ಕೈಹಿಡಿ ಕಂಬಿ

ಒಂದೇ ಒಂದು ಬದಲಾವಣೆ ಮಾಡುವಷ್ಟು ಮಾತ್ರ ಸಮಯ ಇದೆ ಅಂದರೆ ನಾನು ಇದನ್ನೇ ಮಾಡಿ ಅನ್ನುತ್ತೇನೆ. ಹಳೆಯ ಮಾದರಿಗಳಲ್ಲಿ ಬಾಯ್ಲರ್ ಪಕ್ಕದ ಕೈಕಂಬಿ ಪ್ಲಾಸ್ಟಿಕ್ಕಿನಲ್ಲೇ ಉಬ್ಬಾಗಿ ಅಚ್ಚಾಗಿರುತ್ತದೆ. ಅದನ್ನು ತೆಗೆದು ನಿಜವಾದ ತಂತಿ ಹಾಕಿದರೆ, ತಂತಿಯ ನೆರಳು ಬಾಯ್ಲರ್ ಮೇಲೆ ಬೀಳುತ್ತದೆ. ಆ ಒಂದು ನೆರಳು ಸಾಕು, ಆಟಿಕೆ ಹೋಗಿ ಎಂಜಿನ್ ಆಗುತ್ತದೆ.

ತಂತಿ ಎಷ್ಟು ದಪ್ಪ? ನಿಜ ಕಂಬಿ ಒಂದೂಕಾಲು ಇಂಚು, ಅಂದರೆ ಸುಮಾರು 32 ಮಿ.ಮೀ. ಇದೆ ಅಂದುಕೊಂಡರೆ, 76ರಿಂದ ಭಾಗಿಸಿ: 0.42 ಮಿ.ಮೀ. ಹಾಗಾಗಿ ಓಓಗೆ 0.4 ಅಥವಾ 0.45 ಮಿ.ಮೀ. ಹಿತ್ತಾಳೆ ತಂತಿ ಸರಿ. ಜಾಸ್ತಿ ದಪ್ಪ ಹಾಕಿದರೆ ನೀರಿನ ಪೈಪಿನಂತೆ ಕಾಣುತ್ತದೆ.

ಮೊದಲು ಹಳೆಯ ಉಬ್ಬಿನ ಮೇಲೆ ಕೆಳಗೆ ಮಾಸ್ಕಿಂಗ್ ಟೇಪ್ ಹಾಕಿ, ಬಾಯ್ಲರಿಗೆ ಗೀರು ಬೀಳದಿರಲಿ. ಕಂಬಿಯನ್ನು ಹಿಡಿದಿಡುವ ಸಣ್ಣ ಗೂಟಗಳು ಎಲ್ಲಿದ್ದವು ಅಂತ ಟೇಪಿನ ಮೇಲೆ ಪೆನ್ಸಿಲಿನಲ್ಲಿ ಗುರುತು ಹಾಕಿ. ಹೊಸ ಬ್ಲೇಡ್ ತೆಗೆದುಕೊಂಡು, ಹೆಚ್ಚುಕಡಿಮೆ ಮಲಗಿಸಿ ಹಿಡಿದು, ಕೂದಲಿನಷ್ಟು ತೆಳುವಾಗಿ ಹೆರೆಯುತ್ತಾ ಬನ್ನಿ. ಒಂದೇ ಏಟಿಗೆ ತೆಗೆಯಲು ಹೋದರೆ ಬ್ಲೇಡ್ ಬಾಯ್ಲರಿನೊಳಗೆ ಇಳಿಯುತ್ತದೆ. ಉಳಿದದ್ದನ್ನು 600, ಆಮೇಲೆ 1000 ನಂಬರಿನ ಮರಳು ಕಾಗದವನ್ನು ಒದ್ದೆ ಮಾಡಿ ಉಜ್ಜಿ. ಟೇಬಲ್ ಲ್ಯಾಂಪನ್ನು ಪಕ್ಕದಿಂದ ಓರೆಯಾಗಿ ಹಿಡಿದು ನೋಡಿದರೆ ಉಳಿದ ಏರುತಗ್ಗು ಕಾಣುತ್ತದೆ.

ಗುರುತಿನ ಜಾಗದಲ್ಲಿ ಸೂಜಿಯಿಂದ ಚುಚ್ಚಿ, 0.5 ಮಿ.ಮೀ. ಬಿಟ್ಟನ್ನು ಕೈಡ್ರಿಲ್ಲಿನಲ್ಲಿ ಹಾಕಿ ಬೆರಳಿನಿಂದಲೇ ತಿರುಗಿಸಿ ತೂತು ಮಾಡಿ. ಒತ್ತಬೇಡಿ, ಬಿಟ್ ಮುರಿಯುತ್ತದೆ. ನೀವು ತಂದಿರುವ ಗೂಟದ ಕಾಲು ಇನ್ನೂ ದಪ್ಪ ಇದ್ದರೆ ಅದಕ್ಕೆ ತಕ್ಕ ಬಿಟ್ಟಿನಿಂದ ಆಮೇಲೆ ಅಗಲ ಮಾಡಿ. ಎಲ್ಲ ತೂತೂ ಫುಟ್‌ಪ್ಲೇಟಿನಿಂದ (ಬಾಯ್ಲರ್ ಪಕ್ಕದ ನಡೆಹಲಗೆ) ಒಂದೇ ಎತ್ತರದಲ್ಲಿ ಇರಬೇಕು. ಅರ್ಧ ಮಿಲಿಮೀಟರ್ ಏರುಪೇರಾದರೂ ಕಣ್ಣಿಗೆ ಹೊಡೆಯುತ್ತದೆ.

ಸುರುಳಿಯಿಂದ ಬಂದ ತಂತಿ ನೆಟ್ಟಗಿರುವುದಿಲ್ಲ. ಒಂದು ತುದಿಯನ್ನು ವೈಸಿನಲ್ಲಿ, ಇನ್ನೊಂದನ್ನು ಇಕ್ಕಳದಲ್ಲಿ ಹಿಡಿದು ನಿಧಾನವಾಗಿ ಎಳೆಯಿರಿ. ಒಂದು ಹಂತದಲ್ಲಿ ತಂತಿ ಚೂರು ಸಡಿಲಾಗಿ ಹಿಗ್ಗಿದ್ದು ಕೈಗೆ ಗೊತ್ತಾಗುತ್ತದೆ. ಅಲ್ಲಿಗೆ ನಿಲ್ಲಿಸಿ. ಈಗ ಅದು ಗೆರೆ ಎಳೆದಂತೆ ನೆಟ್ಟಗಿರುತ್ತದೆ. ಎಲ್ಲ ಗೂಟಗಳನ್ನೂ ಮೊದಲೇ ತಂತಿಗೆ ಪೋಣಿಸಿಕೊಂಡು, ನಡುವಿನ ಗೂಟದಿಂದ ಶುರುಮಾಡಿ ತೂತಿಗೆ ಕೂರಿಸುತ್ತಾ ಎರಡೂ ತುದಿಗೆ ಹೋಗಿ. ಎಂಜಿನ್ನನ್ನು ಮುಂದಿನಿಂದ ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ, ತಂತಿ ನೆಟ್ಟಗಿದೆ ಅನ್ನಿಸಿದ ಮೇಲೆ ಬಾಡಿಯ ಒಳಗಿನಿಂದ ಸೂಪರ್ ಗ್ಲೂ ತಾಗಿಸಿ. ಹೊರಗಿನಿಂದ ಅಂಟು ಬೇಡ, ಕಲೆ ಹೋಗುವುದಿಲ್ಲ.

ಉಳಿದ ಸಣ್ಣ ಭಾಗಗಳು

ಬಫರ್, ಕಪ್ಲಿಂಗ್ ಕೊಕ್ಕೆ, ಬ್ರೇಕ್ ಪೈಪ್, ದೀಪದ ಕೊಕ್ಕೆ, ಶಿಳ್ಳೆ, ಸೇಫ್ಟಿ ವಾಲ್ವ್ ಎಲ್ಲ ಬಿಡಿಯಾಗಿ ಸಿಗುತ್ತವೆ. ಫೋಟೋದಲ್ಲಿ ಇರುವುದನ್ನು ಮಾತ್ರ ಹಾಕಿ. ಲೋಹಕ್ಕೆ ಲೋಹ ಸೇರಿಸುವ ಕಡೆ ಬೆಸುಗೆ ಒಳ್ಳೆಯದು. ಆದರೆ ವೈಟ್‌ಮೆಟಲ್ (ಬೇಗ ಕರಗುವ ಮಿಶ್ರಲೋಹ) ಭಾಗಗಳಿಗೆ ಸುಮಾರು 70 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುವ ಸೋಲ್ಡರ್ ಮತ್ತು ಶಾಖ ತಗ್ಗಿಸಬಹುದಾದ ಐರನ್ ಬೇಕು, ಇಲ್ಲದಿದ್ದರೆ ಭಾಗವೇ ಕರಗಿ ಹನಿಯಾಗುತ್ತದೆ. ಬೆಸುಗೆ ಆದ ಮೇಲೆ ಫ್ಲಕ್ಸ್ (ಬೆಸುಗೆ ಹಿಡಿಯಲೆಂದು ಹಚ್ಚುವ ರಾಸಾಯನಿಕ) ಪೂರ್ತಿ ತೊಳೆಯಿರಿ. ಉಳಿದರೆ ಒಂದೆರಡು ತಿಂಗಳಲ್ಲಿ ಬಣ್ಣದಡಿ ಹಸಿರು ಕಿಲುಬು ಬರುತ್ತದೆ.

ಟೆಂಡರಿನಲ್ಲಿ ಪ್ಲಾಸ್ಟಿಕ್ ಕಲ್ಲಿದ್ದಲು ಇದ್ದರೆ ಅದರ ಮೇಲೆ ನಿಜವಾದ ಕಲ್ಲಿದ್ದಲು ಕುಟ್ಟಿ ಹಾಕಿ. 3 ಮಿ.ಮೀ. ತುಂಡು ಅಂದರೆ ಓಓ ಅಳತೆಯಲ್ಲಿ ಸುಮಾರು 23 ಸೆಂ.ಮೀ. ಗಟ್ಟಿ. ಅದಕ್ಕಿಂತ ದೊಡ್ಡದು ಬೇಡ. ಬಿಳಿ ಅಂಟಿಗೆ ಅಷ್ಟೇ ನೀರು, ಒಂದು ಹನಿ ಪಾತ್ರೆ ತೊಳೆಯುವ ಸೋಪು ಬೆರೆಸಿ ಹನಿಹನಿಯಾಗಿ ಬಿಡಿ.

ಬಣ್ಣ ಮತ್ತು ನಂಬರ್

ಬಾಡಿಯನ್ನು ಸೋಪುನೀರಲ್ಲಿ ತೊಳೆದು ಒಣಗಿಸಿ. ಆಮೇಲೆ ಬರಿಗೈಯಲ್ಲಿ ಮುಟ್ಟಬೇಡಿ. ತೆಳು ಪ್ರೈಮರ್, ಅದರ ಮೇಲೆ ಎರಡು ಮೂರು ತೆಳು ಪದರ ಬಣ್ಣ. ಏರ್‌ಬ್ರಷ್ ಇದ್ದರೆ ಗಾಳಿಯ ಒತ್ತಡ 15–20 ಪಿಎಸ್‌ಐ ಸಾಕು. ಕಪ್ಪು ಎಂಜಿನ್‌ಗೆ ಅಪ್ಪಟ ಕಪ್ಪು ಬಳಿಯಬೇಡಿ. ಸಣ್ಣ ವಸ್ತುವಿನ ಮೇಲೆ ಅದು ಎಲ್ಲ ವಿವರವನ್ನೂ ನುಂಗುತ್ತದೆ. ಸ್ವಲ್ಪ ಬೂದು ಬೆರೆಸಿ.

ನಂಬರಿನ ಸ್ಟಿಕ್ಕರ್ ನೀರಿನಲ್ಲಿ ಜಾರುವ ಬಗೆಯದಾದರೆ ಮೊದಲು ಹೊಳಪಿನ ವಾರ್ನಿಷ್ ಹೊಡೆಯಿರಿ. ಒರಟು ಮೈಮೇಲೆ ಹಾಕಿದರೆ ಅಡಿಯಲ್ಲಿ ಗಾಳಿ ಸಿಕ್ಕಿ ಬೆಳ್ಳಿಯಂತೆ ಮಿನುಗುತ್ತದೆ, ಸ್ಟಿಕ್ಕರಿನ ಅಂಚು ಎದ್ದು ಕಾಣುತ್ತದೆ. ಒಣಗಿದ ಮೇಲೆ ಮ್ಯಾಟ್ ಅಥವಾ ಅರೆಹೊಳಪಿನ ವಾರ್ನಿಷ್ಷಿನಿಂದ ಮುಚ್ಚಿ.

ದುಡಿದ ಎಂಜಿನ್ನಿನ ಕೊಳೆ

ಕೊಳೆ ಎಲ್ಲಿಂದ ಬರುತ್ತದೆ ಅಂತ ಯೋಚಿಸಿದರೆ ಎಲ್ಲಿ ಹಚ್ಚಬೇಕು ಅಂತ ತಾನೇ ತಿಳಿಯುತ್ತದೆ. ಮಸಿ ಮೇಲಿನಿಂದ ಬೀಳುತ್ತದೆ: ಬಾಯ್ಲರ್ ನೆತ್ತಿ, ಕ್ಯಾಬಿನ ಚಾವಣಿ. ಧೂಳು ಹಳಿಯಿಂದ ಏಳುತ್ತದೆ: ಚಕ್ರ, ಚೌಕಟ್ಟು, ಟೆಂಡರಿನ ತಳ ಕಂದು ಬಣ್ಣಕ್ಕೆ ತಿರುಗುತ್ತವೆ. ಸೇಫ್ಟಿ ವಾಲ್ವ್ ಮತ್ತು ಬಾಯ್ಲರ್ ತೊಳೆಯುವ ಬಿರಡೆಗಳ ಕೆಳಗೆ ಗಡಸು ನೀರು ಒಣಗಿ ಬಿಳಿ ಗೆರೆಗಳು ಇಳಿಯುತ್ತವೆ. ಟೆಂಡರಿಗೆ ನೀರು ತುಂಬುವ ಬಾಯಿಯ ಸುತ್ತ ಉಕ್ಕಿ ಹರಿದ ಗುರುತು.

ಕಂಡಲ್ಲೆಲ್ಲ ತುಕ್ಕು ಹಚ್ಚುವುದು ಬಹಳ ಜನ ಮಾಡುವ ತಪ್ಪು. ದಿನಾ ಓಡುವ ಎಂಜಿನ್ನಿನ ರಾಡ್‌ಗಳಿಗೆ ತುಕ್ಕು ಹಿಡಿಯುವುದಿಲ್ಲ, ಅವು ಎಣ್ಣೆಯಲ್ಲೇ ಇರುತ್ತವೆ. ಅಲ್ಲಿಗೆ ಬೇಕಾದದ್ದು ಕಡು ಕಂದು, ಸ್ವಲ್ಪ ಹೊಳಪು. ಮುಂದಿನ ಹೊಗೆಪೆಟ್ಟಿಗೆ ಬಿಸಿಗೆ ಬಣ್ಣ ಸುಟ್ಟು ಬೂದಾಗಿರುತ್ತದೆ. ಚಕ್ರಗಳಿಗೆ ಬಣ್ಣ ಹಾಕುವಾಗ ಕರೆಂಟು ಕೊಟ್ಟು ನಿಧಾನವಾಗಿ ತಿರುಗುತ್ತಿರಲಿ, ಇಲ್ಲದಿದ್ದರೆ ರಾಡಿನ ಹಿಂದೆ ಅದರದೇ ಆಕಾರದ ಸ್ವಚ್ಛ ಜಾಗ ಉಳಿಯುತ್ತದೆ. ಒಣಗಿದ ಮೇಲೆ ಹಳಿಗೆ ತಾಗುವ ಅಂಚನ್ನೂ ಕರೆಂಟಿನ ಪಟ್ಟಿ ತಾಗುವ ಹಿಂಬದಿಯನ್ನೂ ಒರೆಸಿ.

ಮತ್ತೆ ಹಳಿಗೆ

ಬಾಡಿ ಸೇರಿಸುವಾಗ ವೈರ್ ಯಾವುದೂ ಗೇರಿಗೆ ಸಿಗದಂತೆ ಟೇಪಿನಿಂದ ಬದಿಗೆ ಕಟ್ಟಿ. ಪ್ರತಿ ಆಕ್ಸಲ್ಲಿಗೆ ಮತ್ತು ಕ್ರ್ಯಾಂಕ್ ಪಿನ್ನಿಗೆ ಸೂಜಿಮೊನೆಯಲ್ಲಿ ನಿಲ್ಲುವಷ್ಟೇ ಎಣ್ಣೆ ಸಾಕು. ಮುಂದಕ್ಕೆ ಅರ್ಧ ಗಂಟೆ, ಹಿಂದಕ್ಕೆ ಅರ್ಧ ಗಂಟೆ, ಮಧ್ಯಮ ವೇಗದಲ್ಲಿ, ಹಿಂದೆ ಬೋಗಿ ಇಲ್ಲದೆ ಓಡಿಸಿ. ಆಮೇಲೆ ಎಂಜಿನ್ ಎತ್ತಿ ಕ್ರ್ಯಾಂಕ್ ಪಿನ್ನಿನ ಸ್ಕ್ರೂಗಳನ್ನು ಒಂದೊಂದಾಗಿ ನೋಡಿ, ಮೊದಲ ಓಟದಲ್ಲಿ ಸಡಿಲಾಗುವುದು ಅವೇ. ಬಿಗಿಯಿರಿ, ಚಕ್ರ ಒರೆಸಿ, ಈಗ ಬೋಗಿಗಳನ್ನು ಕಟ್ಟಿ.